ತಿರುಗಿದ ಬಾಣ



ನಿನ್ನೆ ಹಿರಿಯ ಭಕ್ತರೊಬ್ಬರು ನಮ್ಮಲ್ಲಿಗೆ ಬಂದು, “ಬುದ್ಧೀ, ಈಗಿನವರು ಹಳೆಯ ನಾಟಕಗಳ ಕಥೆಯನ್ನು ತಮಗೆ ತೋಚಿದಂತೆ ತಿದ್ದಿ ಆಡುತ್ತಾರಲ್ಲ, ಇದು ಸರಿಯೇ? ಪೂರ್ವಿಕರು ಬರೆದುದನ್ನು ಮುಟ್ಟುವ ಅಧಿಕಾರ ಇವರಿಗೆಲ್ಲಿಯದು?” ಎಂದು ಕೇಳಿದರು. ಅವರ ಪ್ರಶ್ನೆ ತೆಗೆದುಹಾಕುವಂಥದಲ್ಲ. ಆದುದರಿಂದ ಇಂದು ಅದನ್ನೇ ಕೊಂಚ ಚಿಂತಿಸೋಣ.

ಶಂಬೂಕನ ಕಥೆಯನ್ನು ನೀವೆಲ್ಲ ಬಲ್ಲಿರಿ. ರಾಮಾಯಣದ ಉತ್ತರಕಾಂಡದಲ್ಲಿ ಬ್ರಾಹ್ಮಣನೊಬ್ಬನ ಬಾಲಕ ಅಕಾಲದಲ್ಲಿ ಮೃತನಾಗುತ್ತಾನೆ. ಶೂದ್ರನೊಬ್ಬನು ತಪಸ್ಸು ಮಾಡುತ್ತಿರುವುದೇ ಇದಕ್ಕೆ ಕಾರಣವೆಂದು ನಾರದರು ಹೇಳುತ್ತಾರೆ. ರಾಮನು ಹುಡುಕಿಕೊಂಡು ಹೋಗಿ, ಕುಲವನ್ನು ಕೇಳಿ, ಶಿರಚ್ಛೇದ ಮಾಡುತ್ತಾನೆ. ಅಲ್ಲಿ ಕವಿಗೆ ಸಂದೇಹವಿಲ್ಲ; ರಾಮನಿಗೂ ಇಲ್ಲ.

ಎಂಟನೆಯ ಶತಮಾನದ ಭವಭೂತಿಯು ಇದೇ ಪ್ರಸಂಗವನ್ನು ತನ್ನ ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ತಂದನು. ಅಲ್ಲಿ ರಾಮನಿಗೆ ಕೈ ಏಳದು. ತುಂಬುಗರ್ಭಿಣಿ ಸೀತೆಯನ್ನು ಕಾಡಿಗೆ ಅಟ್ಟಿದ ನಿನಗೆ ಇನ್ನೆಲ್ಲಿಯ ಕರುಣೆ ಎಂದು ಅವನು ತನ್ನ ಬಲಗೈಯನ್ನೇ ಹಂಗಿಸಿ ಕತ್ತಿಯನ್ನು ಎತ್ತಬೇಕಾಯಿತು. ಹತನಾದ ಶಂಬೂಕನು ದಿವ್ಯರೂಪ ಧರಿಸಿ ಬಂದು ರಾಮನಿಗೆ ವಂದಿಸುತ್ತಾನೆ. ಕೊಲೆ ನಿಲ್ಲಲಿಲ್ಲ, ನಿಜ. ಆದರೆ ಕೊಲ್ಲುವವನ ಎದೆಗೆ ಮುಳ್ಳು ಚುಚ್ಚಿತು. ಅಂದರೆ, ಹಳೆಯದನ್ನು ತಿದ್ದುವ ಕೆಲಸವನ್ನು ಹಳಬರೇ ಮೊದಲು ಮಾಡಿದರು ಎಂಬುದನ್ನು ಗಮನಿಸಬೇಕು.

ಮುಂದೆ 1944ರಲ್ಲಿ ಕುವೆಂಪು ಅವರು ‘ಶೂದ್ರ ತಪಸ್ವಿ’ಯನ್ನು ಬರೆದರು. ಅಲ್ಲಿ ರಾಮನು ಬಿಟ್ಟ ಬ್ರಹ್ಮಾಸ್ತ್ರವು ತಪಸ್ವಿಯನ್ನು ಕೊಲ್ಲದೆ, ದೂರು ತಂದ ವೃದ್ಧನ ಕಡೆಗೇ ತಿರುಗುತ್ತದೆ. ಹುಟ್ಟಿನ ಅಹಂಕಾರ ಕರಗಿ ಅವನು ಶಂಬೂಕನಿಗೆ ತಲೆಬಾಗಿದಾಗಲೇ ಅವನಿಗೆ ಉಳಿವು, ಮಗನಿಗೆ ಜೀವ. ಮಾಸ್ತಿಯವರಂಥ ಹಿರಿಯರು ಪುರಾಣಕಥೆಯನ್ನು ಹೀಗೆ ಬದಲಿಸಿದುದನ್ನು ಒಪ್ಪಲಿಲ್ಲ. ಕುವೆಂಪು ಅವರು ತಮ್ಮ ನಿಲುವನ್ನು ಬಿಡಲಿಲ್ಲ. ಇಬ್ಬರೂ ದೊಡ್ಡವರು, ಇಬ್ಬರ ಮಾತಿನಲ್ಲಿಯೂ ತೂಕವಿದೆ. ಆದರೆ ತಪಸ್ಸು ಯಾರ ಸೊತ್ತು ಎಂಬ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಉತ್ತರ ಕೊಟ್ಟಿದ್ದಾರೆ. ಸಮಗಾರ ಹರಳಯ್ಯನವರನ್ನೂ ಅಂಬಿಗರ ಚೌಡಯ್ಯನವರನ್ನೂ ನೆನೆದು ಕೈ ಮುಗಿಯುವ ನಮಗೆ, ಆ ಬಾಣ ತಿರುಗಿದುದು ಆಶ್ಚರ್ಯವಾಗಬೇಕಾಗಿಲ್ಲ.

ಇಷ್ಟು ಹೇಳಿ ಮುಗಿಸಿದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೀರಿ. ದೂರು ತಂದ ಆ ವೃದ್ಧನು ಬೇರೆ ಯಾರೋ ಎಂದು ನಿಮಗೆ ಸಮಾಧಾನವೂ ಆಗುತ್ತದೆ. ಆದುದರಿಂದ ನಮ್ಮದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ಬಹಳ ವರ್ಷಗಳ ಹಿಂದಿನ ಮಾತು. ನಮ್ಮ ಭಕ್ತರ ಊರೊಂದರ ಜಾತ್ರೆಯಲ್ಲಿ ತರುಣರು ಇದೇ ನಾಟಕವನ್ನು ಆಡಿದರು. ಊರಾಚೆಯ ಕೇರಿಯ ಹುಡುಗನೊಬ್ಬನು ಶಂಬೂಕನಾಗಿದ್ದನು. ಬಾಣ ತಿರುಗಿದಾಗ ಜನ ಎದ್ದು ನಿಂತು ಜಯಕಾರ ಮಾಡಿದರು. ನಾವೂ ಅವನಿಗೆ ಶಾಲು ಹೊದಿಸಿದೆವು. ಮರುದಿನ ದಾಸೋಹದ ಪಂಕ್ತಿ ಹಾಕಿದಾಗ ಅದೇ ಹುಡುಗನನ್ನು ಹೊರಗಿನ ಜಗಲಿಯ ಮೇಲೆ ಕೂರಿಸಿ ಎಲೆ ಹಾಕಿದರು. ನಾವು ಅದನ್ನು ಕಣ್ಣಾರೆ ಕಂಡೆವು. ಜಾತ್ರೆ ಕೆಡಬಾರದೆಂದು ಸುಮ್ಮನಾದೆವು. ಅವನು ತಲೆ ತಗ್ಗಿಸಿ ಉಂಡು, ಎಲೆಯನ್ನು ತಾನೇ ಎತ್ತಿಕೊಂಡು ಹೋದನು.

ಮರುವರ್ಷ ಪಾತ್ರಕ್ಕೆ ಹೇಳಿಕಳುಹಿಸಿದರೆ ಅವನು ಬರಲಿಲ್ಲ. “ಬುದ್ಧಿಯವರಿಗೆ ಶರಣು ಹೇಳಿ. ಪಾರ್ಟು ಇನ್ನೊಬ್ಬರಿಗೆ ಕೊಡಲಿ. ಊಟಕ್ಕೆ ಎಲ್ಲಿ ಕೂರಬೇಕು ಅಂತ ಗೊತ್ತಾದ ಮೇಲೆ ಬರ್ತೀನಿ” ಎಂದು ಹೇಳಿಸಿದನು. ಆ ರಾತ್ರಿ ಲಿಂಗಪೂಜೆಗೆ ಕುಳಿತರೆ ನಮಗೆ ಮನಸ್ಸು ನಿಲ್ಲಲಿಲ್ಲ. ಬೆಳಿಗ್ಗೆ ನಾವೇ ಆ ಕೇರಿಗೆ ಹೋಗಿ ಅವನನ್ನು ಕರೆತಂದು, ಪಂಕ್ತಿಯಲ್ಲಿ ಪಕ್ಕದಲ್ಲಿಯೇ ಕೂರಿಸಿಕೊಂಡೆವು. ಕೆಲವರು ಎದ್ದು ಹೋದರು. ಹೋದವರಲ್ಲಿ ಎಲ್ಲರೂ ಇನ್ನೂ ಹಿಂದಿರುಗಿಲ್ಲ.

ಹಿರಿಯರ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ. ಕಾಲ ಬದಲಾದಂತೆ ಜನರ ನ್ಯಾಯಬುದ್ಧಿ ಬೆಳೆಯುತ್ತದೆ. ಬೆಳೆದ ಬುದ್ಧಿಗೆ ಹಳೆಯ ಕಥೆಯ ಕೊನೆ ಒಪ್ಪದಿದ್ದಾಗ ಕವಿ ಅದನ್ನು ತಿದ್ದುತ್ತಾನೆ. ಅದು ಪೂರ್ವಿಕರಿಗೆ ಮಾಡಿದ ಅವಮಾನವಲ್ಲ. ಆದರೆ ಕವಿ ತಿದ್ದಬಲ್ಲುದು ನಾಟಕವನ್ನು ಮಾತ್ರ. ಪಂಕ್ತಿಯನ್ನು ತಿದ್ದಬೇಕಾದವರು ನಾವು, ನೀವು. ಇಂದು ಪ್ರಸಾದಕ್ಕೆ ಕುಳಿತಾಗ ಪಕ್ಕದಲ್ಲಿ ಯಾರಿದ್ದಾರೆಂದು ಒಮ್ಮೆ ನೋಡಿರಿ, ಯಾರಿಲ್ಲವೆಂಬುದನ್ನೂ ನೋಡಿರಿ.