ಸಣ್ಣ ಗಾಡಿ ಕಲಿಸಿದ ಕಾಯಕದ ಲೆಕ್ಕ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಈ ತಿಂಗಳ ಗೋಷ್ಠಿಗೆ ‘ಕಾಯಕ ಮತ್ತು ದಾಸೋಹ’ ಎಂಬ ವಿಷಯ ಕೊಟ್ಟಿದ್ದಾರೆ. ನಾನು ವಚನ ಸಾಹಿತ್ಯದ ಪಂಡಿತನಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಇಂಜಿನಿಯರಾಗಿ ರಸ್ತೆ, ಸೇತುವೆಗಳ ಕೆಲಸ ಮಾಡಿದವನು. ಗೊತ್ತಿಲ್ಲದ್ದನ್ನು ಮಾತಾಡುವುದಕ್ಕಿಂತ ಗೊತ್ತಿರುವುದನ್ನು ಮಾತಾಡುವುದು ಮೇಲು. ಹಾಗಾಗಿ ನನ್ನ ಮನೆಯ ಮುಂದೆ ನಿಂತಿರುವ ಒಂದು ಸಣ್ಣ ಸರಕಿನ ಗಾಡಿಯ ಬಗ್ಗೆ ಮಾತಾಡುತ್ತೇನೆ. ನಗಬೇಡಿ. ಕಾಯಕ, ದಾಸೋಹ ಎರಡರಲ್ಲೂ ನಾನು ಎಲ್ಲಿ ತಪ್ಪಿದೆ ಎಂದು ತೋರಿಸಿಕೊಟ್ಟದ್ದು ಆ ಗಾಡಿಯೇ.

ನಾನು ಹಾವೇರಿಯಲ್ಲಿ ವಾಸ. ಹಿರಿಯರಿಂದ ಬಂದ ಹೊಲ ಊರಲ್ಲಿದೆ, ಒಂದು ದಾರಿಗೆ 18 ಕಿ.ಮೀ. ನಿವೃತ್ತಿಯಾದ ಮೇಲೆ ದಿನಾ ಹೊಲಕ್ಕೆ ಹೋಗಬೇಕೆಂದು ನಿಶ್ಚಯಿಸಿದೆ. ಮಕ್ಕಳು ಕಾರು ಕೊಳ್ಳಿ ಎಂದರು. ಕಾರಿನಲ್ಲಿ ಗೊಬ್ಬರದ ಚೀಲ ಹಾಕಲಿಕ್ಕೆ ಆಗುವುದಿಲ್ಲ, ಹಾಲಿನ ಕ್ಯಾನು ಇಡಲಿಕ್ಕೆ ಆಗುವುದಿಲ್ಲ. ಹಾಗಾಗಿ ಐದು ವರ್ಷ ಓಡಿದ್ದ, ಮುಕ್ಕಾಲು ಟನ್ ಹೇರುವ ಡೀಸೆಲ್ ಗಾಡಿಯೊಂದನ್ನು ಕೊಂಡೆ. ನಮ್ಮ ಕಡೆ ‘ಛೋಟಾ ಹಾಥಿ’ ಅನ್ನುತ್ತೇವಲ್ಲ, ಆ ಜಾತಿಯದು. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಇಂಥ ಗಾಡಿಗಳು ಹಳ್ಳಿ ಹಳ್ಳಿಗೆ ಬಂದವು. ಮೂರು ಚಕ್ರದ ಗಾಡಿಗೂ ದೊಡ್ಡ ಲಾರಿಗೂ ನಡುವೆ ಇದ್ದ ಜಾಗವನ್ನು ಅವು ತುಂಬಿದವು.

ಗಾಡಿ ಬಂದ ತಿಂಗಳಲ್ಲೇ ಸಂಬಂಧಿಕರ ಮನೆಯ ಮದುವೆ. ಹೊಲದಿಂದ ನೇರವಾಗಿ ಹೋದೆ. ಕಲ್ಯಾಣ ಮಂಟಪದ ಗೇಟಿನಲ್ಲಿ ನಿಂತಿದ್ದವನು ನನ್ನ ಹಳದಿ ಬೋರ್ಡು ನೋಡಿ, “ಸಾಮಾನಿನ ಗಾಡಿ ಹಿಂದ ಹೋಗಲಿ, ಅಡಿಗಿ ಮನಿ ಕಡೆ” ಅಂದ. ಹಿಂದಕ್ಕೆ ಹೋದೆ. ಅಲ್ಲಿ ನಾಲ್ಕು ಮಂದಿ ಚಾಲಕರು ನೆಲದ ಮೇಲೆ ಕೂತು ಊಟ ಮಾಡುತ್ತಿದ್ದರು. ಒಳಗೆ ನಮ್ಮವರಿಗೆ ಟೇಬಲ್ಲು, ಇಲ್ಲಿ ಇವರಿಗೆ ನೆಲ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂದು ವೇದಿಕೆಯ ಮೇಲೆ ಹೇಳುವವರು ನಾವು. ಬೋರ್ಡಿನ ಬಣ್ಣ ನೋಡಿ ಪಂಕ್ತಿ ಬೇರೆ ಮಾಡುವವರೂ ನಾವೇ. ಅಂದು ನಾನು ಅವರ ಜೊತೆಯಲ್ಲೇ ಉಂಡೆ. ಆದರೆ ಆ ಒಂದು ಊಟದಿಂದ ನನಗೆ ಬಂದ ಹೆಮ್ಮೆಯೇ ಮುಂದಿನ ತಪ್ಪಿಗೆ ದಾರಿಯಾಯಿತು.

ನನಗೆ ಲೆಕ್ಕ ಬರೆಯುವ ಚಟ. ಗಾಡಿಯಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಮೊದಲ ವರ್ಷ 290 ದಿನ ಹೊಲಕ್ಕೆ ಹೋಗಿ ಬಂದೆ. ಏನಾದರೂ ಸಾಮಾನು ಇದ್ದದ್ದು 118 ದಿನ. ಎರಡು ಕ್ವಿಂಟಲ್ ದಾಟಿದ್ದು 41 ದಿನ ಮಾತ್ರ. ಉಳಿದ 172 ದಿನ ನನ್ನೊಬ್ಬನ ದೇಹ ಹೊತ್ತುಕೊಂಡು ಗಾಡಿ 36 ಕಿ.ಮೀ. ಓಡಿತು. ಲೀಟರಿಗೆ 16 ಕಿ.ಮೀ. ಹಿಡಿದರೂ ಸುಮಾರು 390 ಲೀಟರ್ ಡೀಸೆಲ್ ಖಾಲಿ ತೊಟ್ಟಿ ತಿರುಗಿಸಲಿಕ್ಕೆ ಸುಟ್ಟೆ.

ಈ ಲೆಕ್ಕ ನೋಡಿ ನಮ್ಮ ಮನೆಯವರು, “ಬೇಕಾದಷ್ಟು ತರೂದು ಬ್ಯಾರೆ, ಐತಂತ ತಿರುಗಿಸೂದು ಬ್ಯಾರೆ ರೀ” ಅಂದರು. ಆಯ್ದಕ್ಕಿ ಮಾರಯ್ಯನವರ ಕಥೆ ನಿಮಗೆಲ್ಲ ಗೊತ್ತು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕ ಅವರದು. ಒಂದು ದಿನ ಹೆಚ್ಚು ತಂದಾಗ ಲಕ್ಕಮ್ಮ ತಾಯಿ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದರು. ನಮ್ಮ ಮನೆಯ ಲಕ್ಕಮ್ಮನ ಮಾತಿಗೆ ನಾನು ತಲೆಬಾಗಬೇಕಿತ್ತು. ಸಾಮಾನಿಲ್ಲದ ದಿನ ಬಸ್ಸಿಗೆ ಹೋಗಬೇಕಿತ್ತು. ಹಾಗೆ ಮಾಡಲಿಲ್ಲ. ಖಾಲಿ ತೊಟ್ಟಿಯನ್ನು ದಾಸೋಹದಿಂದ ತುಂಬುತ್ತೇನೆ ಅಂದುಕೊಂಡೆ.

ಊರಿನವರಿಗೆ ಹೇಳಿಬಿಟ್ಟೆ: ಹಾವೇರಿಯಿಂದ ಏನು ಬೇಕಾದರೂ ತರುತ್ತೇನೆ, ಏನು ಬೇಕಾದರೂ ಒಯ್ಯುತ್ತೇನೆ, ಒಂದು ಪೈಸೆ ಬೇಡ. ಮನೆ ಕಟ್ಟುವವರ ಸಿಮೆಂಟು, ಹೊಲದವರ ಗೊಬ್ಬರ, ಮಾರುಕಟ್ಟೆಗೆ ಹೋಗುವ ಬದನೆ, ಬ್ಯಾಡಗಿ ಪೇಟೆಗೆ ಹೋಗುವ ಮೆಣಸಿನಕಾಯಿ ಚೀಲ. ತಿಂಗಳಿಗೆ ಹತ್ತು ಹನ್ನೆರಡು ಹೇರು. ಜನ ಕೈ ಮುಗಿದರು. ಜಾತ್ರೆಯ ಸಭೆಯಲ್ಲಿ ಶಾಲು ಹೊದಿಸಿದರು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು.

ನಮ್ಮ ಊರಲ್ಲಿ ಇದೇ ತರಹದ ಗಾಡಿ ಇಟ್ಟುಕೊಂಡು ಬಾಡಿಗೆ ಮಾಡುವ ಒಬ್ಬ ಹುಡುಗ ಇದ್ದಾನೆ. ಸಾಲ ಮಾಡಿ ಹೊಸ ಗಾಡಿ ತಂದವನು. ನನ್ನನ್ನು ಕಂಡಾಗ ಮೊದಲು ನಗುತ್ತಿದ್ದ. ಆಮೇಲಾಮೇಲೆ ಮುಖ ತಿರುಗಿಸತೊಡಗಿದ. ಕಾರಣ ನನಗೆ ಹೊಳೆಯಲಿಲ್ಲ.

ಒಂದು ಸಂಜೆ ಸುದ್ದಿ ಬಂತು: ಕಾಲುವೆ ಸೇತುವೆಯ ಇಳಿಜಾರಿನಲ್ಲಿ ಅವನ ಗಾಡಿ ಉಸುಕು ಹೇರಿಕೊಂಡು ಬರುವಾಗ ಹಿಂದಿನ ಪಾಟಾ ಮುರಿದು ಪಕ್ಕದ ಹೊಲಕ್ಕೆ ಮಗುಚಿದೆ. ಹೋಗಿ ನೋಡಿದೆ. ಪ್ರಾಣಾಪಾಯ ಆಗಿರಲಿಲ್ಲ, ಕೈ ಮುರಿದಿತ್ತು. ಚೆಲ್ಲಿದ ಉಸುಕಿನ ರಾಶಿ ನೋಡಿದರೆ ಎಷ್ಟು ಹೇರಿದ್ದನೆಂದು ತಿಳಿಯುತ್ತಿತ್ತು. ಈ ಗಾಡಿಗಳ ತೊಟ್ಟಿ ಸುಮಾರು 7 ಅಡಿ ಉದ್ದ, 5 ಅಡಿ ಅಗಲ, 1 ಅಡಿ ಎತ್ತರ. ಅಂದರೆ 35 ಘನ ಅಡಿ, ಹೆಚ್ಚು ಕಡಿಮೆ ಒಂದು ಘನ ಮೀಟರ್. ಒಂದು ಘನ ಮೀಟರ್ ಒಣ ಉಸುಕು ಸುಮಾರು 1,600 ಕೆ.ಜಿ. ತೂಗುತ್ತದೆ, ಹಸಿಯಾದರೆ ಇನ್ನೂ ಹೆಚ್ಚು. ತೊಟ್ಟಿಯ ಅಂಚಿನ ಮಟ್ಟಕ್ಕೆ ತುಂಬಿದರೂ ಗಾಡಿಯ ಶಕ್ತಿಯ ಎರಡು ಪಟ್ಟು ದಾಟಿದಂತೆ. ಕಣ್ಣಿಗೆ ‘ತೊಟ್ಟಿ ತುಂಬಿದೆ’ ಅಷ್ಟೇ. ಪಾಟಾಕ್ಕೆ, ಟೈರಿಗೆ, ಬ್ರೇಕಿಗೆ ಗೊತ್ತು ನಿಜವಾದ ಭಾರ.

ಆಸ್ಪತ್ರೆಯಲ್ಲಿ ಅವನಿಗೆ ಬುದ್ಧಿ ಹೇಳಲಿಕ್ಕೆ ಹೋದೆ. “ಇಷ್ಟು ಯಾಕ ಹೇರಿದೆಪಾ?” ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ನಿಮಗ ಪಿಂಚಣಿ ಐತಿ, ನನಗ ಕಂತು ಐತಿ. ನೀವು ಪುಕ್ಕಟ ಒಯ್ಯಾಕ ಹತ್ತಿದ ಮ್ಯಾಲೆ ಎಲ್ಲಾರೂ ನನ್ನ ಹಂತ್ಯಾಕ ಬಂದು, ಸಾಹೇಬ್ರು ಪುಕ್ಕಟ ತರ್ತಾರ, ನೀ ಯಾಕ ಒಂಬೈನೂರು ಕೇಳ್ತಿ ಅಂತಾರ್ರಿ. ಎರಡು ಹೇರು ಒಂದ ಸಲಕ್ಕ ತಂದ್ರ ಮಾತ್ರ ನನಗ ಏನರ ಉಳೀತೈತ್ರಿ.”

ಮನೆಗೆ ಬಂದು ಅವನು ಹೇಳಿದ ಅಂಕಿಗಳನ್ನು ಬರೆದು ಕೂಡಿಸಿದೆ. ಕಂತು, ವಿಮೆ, ಟೈರು, ರಿಪೇರಿ, ಎಫ್.ಸಿ. ಎಲ್ಲ ಸೇರಿ ತಿಂಗಳಿಗೆ 15,600 ರೂಪಾಯಿ. ಒಂದು ಬಾಡಿಗೆಗೆ ಡೀಸೆಲ್ ಸುಮಾರು 230. ಮೊದಲು ತಿಂಗಳಿಗೆ 36 ಬಾಡಿಗೆ ಸಿಗುತ್ತಿತ್ತು. ಒಂದೊಂದಕ್ಕೆ 433 ರೂಪಾಯಿ ಕಂತು ಮುಂತಾದವಕ್ಕೆ, 230 ಡೀಸೆಲಿಗೆ ಹೋಗಿ, 900ರಲ್ಲಿ 237 ರೂಪಾಯಿ ಅವನ ದುಡಿಮೆಗೆ ಉಳಿಯುತ್ತಿತ್ತು. ನಾನು ಶುರು ಮಾಡಿದ ಮೇಲೆ ಬಾಡಿಗೆ 24ಕ್ಕೆ ಇಳಿಯಿತು. ಈಗ ಒಂದೊಂದಕ್ಕೆ 650 ಮತ್ತು 230. ಉಳಿದದ್ದು 20 ರೂಪಾಯಿ. ತಿಂಗಳಿಡೀ ದುಡಿದರೆ 480 ರೂಪಾಯಿ. ನನಗೆ ಶಾಲು ಬಂದದ್ದು ಆ ಹುಡುಗನ ಮನೆಯ ರೊಟ್ಟಿಯಿಂದ.

ಬಂಧುಗಳೇ, ಸೇತುವೆಯ ಮೇಲೆ ಎಷ್ಟು ಭಾರ ಹೋಗಬಹುದು ಎಂದು ಲೆಕ್ಕ ಹಾಕುವುದೇ ನನ್ನ ನೌಕರಿಯಾಗಿತ್ತು. ಒಬ್ಬ ಹುಡುಗನ ಬದುಕಿನ ಮೇಲೆ ನಾನು ಹೇರಿದ ಭಾರದ ಲೆಕ್ಕವನ್ನು ನಾನು ಹಾಕಲೇ ಇಲ್ಲ.

ಆ ರಾತ್ರಿ ಮೋಳಿಗೆ ಮಾರಯ್ಯನವರು ನೆನಪಾದರು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದವರು ಎಂದು ಪರಂಪರೆ ಹೇಳುತ್ತದೆ. ಅರಸರಾಗಿದ್ದವರು ಬೇಕಾದರೆ ಕಟ್ಟಿಗೆಯನ್ನು ಪುಕ್ಕಟೆ ಹಂಚಬಹುದಿತ್ತು. ಹಾಗೆ ಮಾಡಲಿಲ್ಲ. ಕಾಡಿಗೆ ಹೋಗಿ ಕಟ್ಟಿಗೆ ಕಡಿದು, ತಲೆಯ ಮೇಲೆ ಹೊತ್ತು ತಂದು, ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ಮಾಡಿದರು. ಬೇರೆ ಕಟ್ಟಿಗೆ ಹೊರುವವರ ಸಾಲಿನಲ್ಲಿ ಅವರೂ ಒಬ್ಬರಾದರು. ಅವರ ದಾಸೋಹ ಅವರ ಕಾಯಕದಿಂದ ಹುಟ್ಟಿತು. ನನ್ನದು ಪಿಂಚಣಿಯಿಂದ ಹುಟ್ಟಿ, ಇನ್ನೊಬ್ಬನ ಕಾಯಕವನ್ನು ತಿಂದಿತು. ಇನ್ನೊಬ್ಬರ ಕಾಯಕ ಕಸಿಯುವ ಸೇವೆಗೆ ದಾಸೋಹ ಎಂಬ ಹೆಸರು ಒಪ್ಪುವುದಿಲ್ಲ.

ಆಮೇಲೆ ಏನು ಮಾಡಿದೆ ಎಂದು ಕೇಳುತ್ತೀರಿ. ಅವನ ಕೈ ವಾಸಿಯಾಗುವವರೆಗೆ ಊರಿನ ಹೇರುಗಳನ್ನು ನಾನೇ ತಂದೆ, ಆದರೆ ಪೂರಾ ಬಾಡಿಗೆ ತೆಗೆದುಕೊಂಡು ಡೀಸೆಲ್ ಖರ್ಚು ಕಳೆದು ಉಳಿದದ್ದನ್ನು ಅವನ ಕಂತಿಗೆ ಕಟ್ಟಿದೆ. “ಸಾಹೇಬ್ರು ರೊಕ್ಕ ಕೇಳಾಕ ಹತ್ಯಾರ” ಎಂದು ಜನ ಮಾತಾಡಿದರು. ಶಾಲು ಹೊದಿಸಿದವರೇ ಮಾತಾಡಿದರು. ಕೇಳಿಸಿಕೊಂಡೆ. ಈಗ ಪೂರಾ ಹೇರು ಇದ್ದರೆ ಅವನಿಗೇ ಫೋನ್ ಮಾಡಿ ಎನ್ನುತ್ತೇನೆ. ಬಾಡಿಗೆ ಮಾಡಿ ತರಲಾಗದ ಸಣ್ಣ ಪುಟ್ಟದ್ದು ಮಾತ್ರ ನನ್ನ ದಾರಿಯಲ್ಲಿ ತರುತ್ತೇನೆ: ಅಜ್ಜಿಯ ಒಂದು ಚೀಲ ಜೋಳ, ಶಾಲೆಯ ಮಕ್ಕಳ ಪುಸ್ತಕ, ಮಠದ ದಾಸೋಹಕ್ಕೆ ಭಕ್ತರು ಕೊಟ್ಟ ಒಂದೆರಡು ಚೀಲ ಧಾನ್ಯ. ಸಾಮಾನಿಲ್ಲದ ದಿನ ಬಸ್ಸಿಗೆ ಹೋಗುತ್ತೇನೆ.

ನಿಮ್ಮಲ್ಲಿ ಕೆಲವರಿಗೆ ಇಂಥ ಗಾಡಿ ಕೊಳ್ಳುವ ಯೋಚನೆ ಇರಬಹುದು. ಅವರಿಗೆ ನಾಲ್ಕು ಮಾತು.

ಮೊದಲನೆಯದು, ದಿನಾ ಓಡಾಡಲಿಕ್ಕೆ ಮಾತ್ರ ಇದನ್ನು ಕೊಳ್ಳಬೇಡಿ. ಒಂದು ತಿಂಗಳು ಎಷ್ಟು ದಿನ, ಎಷ್ಟು ತೂಕ ಎಂದು ಬರೆದಿಟ್ಟು ನೋಡಿ. ವಾರಕ್ಕೆ ಒಂದು ಹೇರಿದ್ದರೆ ಬಾಡಿಗೆ ಗಾಡಿಯೇ ಅಗ್ಗ, ಒಬ್ಬರಿಗೆ ಅನ್ನವೂ ಆಗುತ್ತದೆ. ಹಳೆಯ ಗಾಡಿ ಕೊಳ್ಳುವುದಾದರೆ ಬಣ್ಣ ನೋಡಬೇಡಿ. ಕೆಳಗೆ ಬಗ್ಗಿ ಚಾಸಿಸ್‌ಗೆ ಬೆಸುಗೆ ಹಾಕಿದ ಗುರುತು ಇದೆಯೇ, ಪಾಟಾ ಚಪ್ಪಟೆಯಾಗಿದೆಯೇ ನೋಡಿ. ಅವು ಹಿಂದಿನವನು ಹೇರಿದ ಭಾರದ ಕಥೆ ಹೇಳುತ್ತವೆ.

ಎರಡನೆಯದು, ಕಾಗದ ಪತ್ರ. ಒಟ್ಟು ತೂಕ 3,000 ಕೆ.ಜಿ. ದಾಟದ ಸರಕಿನ ಗಾಡಿಗೆ ಪರ್ಮಿಟ್ ಬೇಕಿಲ್ಲ. ಕಾರಿನ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಇಂಥ ಗಾಡಿ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಸ್ಪಷ್ಟಪಡಿಸಿದೆ. ಆದರೆ ಎಫ್.ಸಿ. ತಪ್ಪಿಸುವಂತಿಲ್ಲ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ಮೂರನೆಯದು, ಭಾರ. ಸಿಮೆಂಟು ಚೀಲ 50 ಕೆ.ಜಿ. ಮುಕ್ಕಾಲು ಟನ್ನಿನ ಗಾಡಿಗೆ 15 ಚೀಲ, ಹದಿನಾರನೆಯದು ಬೇಡ. ಉಸುಕಾದರೆ ಅರ್ಧ ಅಡಿ ಎತ್ತರಕ್ಕೂ ಸ್ವಲ್ಪ ಕಡಿಮೆ. ಭಾರವನ್ನು ಹಿಂದಿನ ಗಾಲಿಯ ಮುಂಭಾಗಕ್ಕೆ ಇಡಿ. ತೀರಾ ಹಿಂದಕ್ಕೆ ಇಟ್ಟರೆ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ. 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಇದು ಬರೀ ಕಾನೂನಿನ ಮಾತಲ್ಲ. ತುಂಗಭದ್ರೆಯ ದಂಡೆಯಲ್ಲಿ, ನಮ್ಮ ಜಿಲ್ಲೆಯ ಚೌಡದಾನಪುರದ ನೆಲದಲ್ಲಿ ಅಂಬಿಗರ ಚೌಡಯ್ಯನವರ ನೆನಪಿದೆ. ದೋಣಿಗೆ ಇನ್ನೊಬ್ಬ ಹತ್ತಬಾರದು ಎಂದು ಹೇಳಬಲ್ಲವನೇ ಅಂಬಿಗ.

ನಾಲ್ಕನೆಯದು, ಮನುಷ್ಯರು. ಕೂಲಿಯವರನ್ನು, ದಿಬ್ಬಣದವರನ್ನು, ಜಾತ್ರೆಗೆ ಹೊರಟ ಭಕ್ತರನ್ನು ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ಮಾಮೂಲಾಗಿದೆ. ಚೀಲ ಉರುಳಿದರೆ ಮತ್ತೆ ತರಬಹುದು. ಹಾಗೆ ಬಿಟ್ಟಿ ಕೂತು ಹೋದವರಿಗೆ ವಿಮೆಯೂ ಸಾಮಾನ್ಯವಾಗಿ ಸಿಗುವುದಿಲ್ಲ. ಮಠದ ಕಾರ್ಯಕ್ರಮಗಳಿಗೆ ಬರುವವರಾದರೂ ಸರಕಿನ ಗಾಡಿಯಲ್ಲಿ ಬರಬಾರದು ಎಂದು ಪೂಜ್ಯರು ಒಂದು ಮಾತು ಹೇಳಿದರೆ ಬಹಳ ಜೀವ ಉಳಿಯುತ್ತದೆ ಎಂದು ವಿನಂತಿಸುತ್ತೇನೆ.

ಕೊನೆಯದಾಗಿ ಇನ್ನೊಂದು ವಿನಂತಿ. ಇಂದಿನ ಪ್ರಸಾದಕ್ಕೆ ಅಕ್ಕಿ, ತರಕಾರಿ ತಂದ ಗಾಡಿ ಹಿಂದಿನ ಬಾಗಿಲಲ್ಲಿ ನಿಂತಿದೆ. ತಂದವನು ಅದೇ ಹುಡುಗ. ಬಾಡಿಗೆ 900 ಕೊಟ್ಟಿದ್ದೇವೆ, ಚೌಕಾಸಿ ಮಾಡಿಲ್ಲ. ಅವನು ಗಾಡಿಯಲ್ಲೇ ಕೂತಿದ್ದಾನೆ. ಪ್ರಸಾದದ ಹೊತ್ತಿಗೆ ಅವನನ್ನು ಒಳಗೆ ಕರೆದು ನಮ್ಮ ಸಾಲಿನಲ್ಲೇ ಕೂರಿಸೋಣ. ಗೋಷ್ಠಿಯ ವಿಷಯಕ್ಕೆ ಅದಕ್ಕಿಂತ ಒಳ್ಳೆಯ ಮುಕ್ತಾಯ ನನಗೆ ತೋಚುತ್ತಿಲ್ಲ.