ಹೆಣ್ಣುಮಕ್ಕಳ ಮನೋವೇದನೆ ಮತ್ತು ಕೂಟದ ಚಿಕಿತ್ಸೆ

(ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯಲ್ಲಿ ಗಿರಣಿ ಕೆಲಸಗಾರರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಾವು ಕುಳಿತಿರುವ ಈ ಬಡಾವಣೆಗೆ ಹೆಸರು ಬಂದದ್ದು ನಿಜಾಮರ ಕಾಲದ ಅತಿಥಿಗೃಹದಿಂದ. ನಿಜಾಮರ ಆಳಿಕೆ 1948ರಲ್ಲಿ ಮುಗಿಯಿತು, ಕಟ್ಟಡ ಉಳಿಯಿತು. ಮಂತ್ರಿಗಳು, ಅಧಿಕಾರಿಗಳು ಊರಿಗೆ ಬಂದರೆ ಅಲ್ಲಿ ಇಳಿಯುತ್ತಾರೆ. ಅಂದರೆ ದೊಡ್ಡವರಿಗೆ ಕೂತು ಮಾತಾಡಲು ಈ ಊರಲ್ಲಿ ಜಾಗವಿದೆ. ನಮ್ಮಂಥ ಗಂಡಸರಿಗೂ ಇದೆ: ಚಹಾದಂಗಡಿ, ಗುಡಿಯ ಕಟ್ಟೆ, ಗಂಜಿನ ಅಡತಿ ಅಂಗಡಿಯ ಗಾದಿ, ಯೂನಿಯನ್ ಕಚೇರಿ. ಬೇಳೆ ಗಿರಣಿಯಲ್ಲಿ ದಿನವೆಲ್ಲ ತೊಗರಿ ಹಸನುಮಾಡಿ, ಮನೆಗೆ ಹೋಗಿ ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸುವ ಹೆಂಗಸು ತನ್ನ ಸಂಕಟವನ್ನು ಎಲ್ಲಿ ಕೂತು, ಯಾರ ಮುಂದೆ ಹೇಳಬೇಕು? ಈ ಹೊತ್ತು ನಾನು ಆಡಬೇಕೆಂದಿರುವುದು ಇದೊಂದೇ ವಿಷಯ.

ಹಿಂದೆ ಜಾಗವಿರಲಿಲ್ಲ ಎಂದಲ್ಲ. ಬೆಳಗಿನ ಝಾವ ಬೀಸುವ ಕಲ್ಲಿಗೆ ಇಬ್ಬರು ಎದುರುಬದುರು ಕೂಡುತ್ತಿದ್ದರು. ಜೋಳ ನುರಿಯುವ ಸದ್ದಿನಲ್ಲಿ ಅತ್ತೆಯ ಕಾಟ, ತವರಿನ ನೆನಪು, ಸತ್ತ ಮಗುವಿನ ದುಃಖ ಎಲ್ಲ ಪದವಾಗಿ ಹೊರಗೆ ಬರುತ್ತಿತ್ತು. ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು ಆ ಪದಗಳನ್ನು ಕೂಡಿಹಾಕಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದರು. ಓದಿದವರು ಸಾಹಿತ್ಯವೆಂದು ಕೊಂಡಾಡಿದರು. ಸಾಹಿತ್ಯವೇನೋ ಹೌದು. ಆದರೆ ಹಾಡುತ್ತಿದ್ದವಳಿಗೆ ಅದು ಔಷಧವೂ ಆಗಿತ್ತು. ಎದುರಿಗೆ ಕೂತವಳು ಬುದ್ಧಿ ಹೇಳುತ್ತಿರಲಿಲ್ಲ, ಗೂಟ ಹಿಡಿದು ಕಲ್ಲು ತಿರುವುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಿದ್ದಳು. ವಿದ್ಯುತ್ತಿನ ಹಿಟ್ಟಿನ ಗಿರಣಿ ಬಂತು. ರಟ್ಟೆಯ ನೋವು ತಪ್ಪಿತು, ಅದು ಒಳ್ಳೆಯದೇ ಆಯಿತು. ಬೀಸುವ ಕಲ್ಲನ್ನು ಮರಳಿ ತನ್ನಿ ಎನ್ನುವವರು ಒಂದು ಸೇರು ಜೋಳ ತಾವೇ ಬೀಸಿ ನೋಡಲಿ. ಆದರೆ ಕಲ್ಲಿನ ಜೊತೆಗೆ ಎದುರು ಕೂಡುವವಳೂ ಹೋದಳಲ್ಲ, ಆ ಜಾಗವನ್ನು ನಾವು ಯಾವುದರಿಂದಲೂ ತುಂಬಲಿಲ್ಲ.

ತುಂಬದ್ದರಿಂದ ಏನಾಯಿತು? ಸರಕಾರದ ಅಪರಾಧ ದಾಖಲೆ ಬ್ಯೂರೋದ ಲೆಕ್ಕ ನೋಡಿ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಜನ. ಅವರಲ್ಲಿ ಹೆಣ್ಣುಮಕ್ಕಳು 45,026. ಆ ಹೆಣ್ಣುಮಕ್ಕಳ ಪೈಕಿ 23,178 ಮಂದಿ ಗೃಹಿಣಿಯರು. ಅದೇ ವರ್ಷ ದಿನಗೂಲಿಯವರು 42,004 ಜನ. ದಿನಗೂಲಿಯವನ ಸಾವಿಗೆ ಕಾರಣವೇನೆಂದು ನಾವು ಸಭೆ ಸೇರಿಸಿ ಕೇಳುತ್ತೇವೆ. ಗೃಹಿಣಿ ಸತ್ತರೆ ‘ಹೊಟ್ಟೆನೋವು ತಾಳಲಾರದೆ’ ಎಂದು ಒಂದು ಸಾಲು ಬರೆದು ಕಡತ ಮುಚ್ಚುತ್ತಾರೆ. ಬದುಕಿರುವಾಗಲೂ ಆಕೆ ಮನಸ್ಸಿನ ನೋವು ಎನ್ನುವುದಿಲ್ಲ. ತಲೆಶೂಲೆ ಎನ್ನುತ್ತಾಳೆ, ಎದೆ ಡವಡವ ಎನ್ನುತ್ತಾಳೆ, ಕೈಕಾಲು ಜೋಮು ಎನ್ನುತ್ತಾಳೆ. ಗುಳಿಗೆ, ಸೂಜಿ, ಸಲಾಯಿನ್, ಹೀಗೆ ದುಡ್ಡು ಹೋಗುತ್ತದೆ, ನೋವು ಹೋಗುವುದಿಲ್ಲ. ದರ್ಗಾಕ್ಕೂ ಗುಡಿಗೂ ಹೋಗುತ್ತಾಳೆ. ಹೋಗಲಿ, ಅಲ್ಲಿಯಾದರೂ ನಾಲ್ಕು ಹೆಂಗಸರ ನಡುವೆ ಕೂತು ಅಳಬಹುದು.

ಕೂಟದ ಚಿಕಿತ್ಸೆ ಎಂದರೆ ಇದನ್ನೇ ಕ್ರಮಬದ್ಧವಾಗಿ ಮಾಡುವುದು. ಇದು ಶ್ರೀಮಂತರ ಬಂಗಲೆಯಲ್ಲಿ ಹುಟ್ಟಿದ್ದಲ್ಲ. 1905ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರಾಟ್ ಎಂಬ ವೈದ್ಯರು, ಆರೋಗ್ಯಧಾಮಕ್ಕೆ ಹೋಗಲು ಹಣವಿಲ್ಲದ ಬಡ ಕ್ಷಯರೋಗಿಗಳನ್ನು ವಾರಕ್ಕೊಮ್ಮೆ ಒಟ್ಟಿಗೆ ಕೂಡಿಸಿದರು. ಅವರ ಉದ್ದೇಶ ಊಟ, ವಿಶ್ರಾಂತಿ, ಶುದ್ಧಗಾಳಿಯ ಪಾಠ ಹೇಳುವುದಷ್ಟೆ. ಆದರೆ ಪಾಠಕ್ಕಿಂತ ಹೆಚ್ಚಾಗಿ, ತನ್ನಂತೆಯೇ ಕೆಮ್ಮುವವನು ಪಕ್ಕದಲ್ಲಿದ್ದಾನೆ, ಹೋದ ವಾರಕ್ಕಿಂತ ಆತನ ಮುಖದಲ್ಲಿ ಕಳೆ ಬಂದಿದೆ ಎಂಬುದು ರೋಗಿಗೆ ಬಲಕೊಟ್ಟಿತು.

ಆಫ್ರಿಕದ ಯುಗಾಂಡದಲ್ಲಿ ನಡೆದದ್ದು ನಮಗೆ ಇನ್ನೂ ಹತ್ತಿರದ್ದು. 2002ರಲ್ಲಿ ಅಲ್ಲಿಯ 30 ಹಳ್ಳಿಗಳನ್ನು ಆರಿಸಿಕೊಂಡು, ಅರ್ಧದಷ್ಟು ಹಳ್ಳಿಗಳಲ್ಲಿ ಖಿನ್ನತೆಯಿಂದ ನರಳುವವರ ಕೂಟ ಕಟ್ಟಿದರು. ಹೆಂಗಸರದು ಬೇರೆ, ಗಂಡಸರದು ಬೇರೆ. ವಾರಕ್ಕೊಮ್ಮೆ ಒಂದೂವರೆ ತಾಸು, ಹದಿನಾರು ವಾರ. ನಡೆಸಿದವರು ಡಾಕ್ಟರರಲ್ಲ, ಎರಡು ವಾರ ತರಬೇತಿ ಪಡೆದ ಅದೇ ಸೀಮೆಯ ಜನ. ಕೂಟವಿದ್ದ ಕಡೆ ಖಿನ್ನತೆಯವರು ನೂರಕ್ಕೆ 86 ಇದ್ದವರು 6.5ಕ್ಕೆ ಇಳಿದರು, ಕೂಟವಿಲ್ಲದ ಕಡೆ 94 ಇದ್ದವರು 55ರ ಹತ್ತಿರಕ್ಕೆ ನಿಂತರು. ಮುಂದೆ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಈ ಪದ್ಧತಿಯ ಕೈಪಿಡಿ ಹೊರತಂದಿತು.

ನಮ್ಮ ದೇಶದ ಝಾರ್ಖಂಡ, ಒಡಿಶಾದಲ್ಲಿ ತಾಯಿ-ಮಗುವಿನ ಆರೋಗ್ಯಕ್ಕಾಗಿ ಹೆಣ್ಣುಮಕ್ಕಳ ಕೂಟಗಳನ್ನು ತಿಂಗಳಿಗೊಮ್ಮೆ ಕೂಡಿಸಿದರು. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ನವಜಾತ ಶಿಶುಗಳ ಸಾವು ನೂರಕ್ಕೆ 32ರಷ್ಟು ಕಡಿಮೆಯಾಯಿತು. ಬಾಣಂತಿಯರ ಖಿನ್ನತೆ ಮಾತ್ರ ಮೊದಲಿಗೆ ಜಗ್ಗಲಿಲ್ಲ. ಮೂರನೆಯ ವರ್ಷಕ್ಕೆ ಬಂದಾಗ, ಮಧ್ಯಮ ಪ್ರಮಾಣದ ಖಿನ್ನತೆ ನೂರಕ್ಕೆ 57ರಷ್ಟು ಇಳಿದಿತ್ತು. ಎರಡು ಸಭೆ ಮಾಡಿ, ಫೋಟೋ ತೆಗೆಸಿಕೊಂಡು, ಏನೂ ಆಗಲಿಲ್ಲ ಎಂದು ಕೈಬಿಡುವ ನಮ್ಮ ಮಹಿಳಾ ದಿನಾಚರಣೆಯ ಉತ್ಸಾಹಿಗಳು ಈ ಮೂರನೆಯ ವರ್ಷವನ್ನು ನೆನಪಿಡಬೇಕು.

ಇಂಥ ಕೂಟ ನಡೆಯುವುದು ಹೇಗೆ ಎಂದು ಕೇಳುವಿರಿ. ಎಂಟು ಹತ್ತು ಜನ ಸಾಕು. ಅದೇ ದಿನ, ಅದೇ ಹೊತ್ತು, ಅದೇ ಜನ. ಇಲ್ಲಿ ಆಡಿದ ಮಾತು ಹೊಸ್ತಿಲು ದಾಟಬಾರದು; ಓಣಿಯಲ್ಲಿ ಒಂದು ಮಾತು ಸೋರಿದರೆ ಮರುವಾರ ಯಾರೂ ಬಾಯಿ ಬಿಡುವುದಿಲ್ಲ. ಆದಕಾರಣ ಅತ್ತೆ-ಸೊಸೆಯನ್ನು, ನಾದಿನಿ-ವೈನಿಯನ್ನು ಒಂದೇ ಕೂಟದಲ್ಲಿ ಹಾಕಬಾರದು. ನಡೆಸುವಾಕೆ ಕಡಿಮೆ ಮಾತಾಡಬೇಕು. ಒಬ್ಬಳು ಹೇಳುವಾಗ ‘ನಿಂದೇನು ಮಹಾ, ನಂದು ಕೇಳು’ ಎಂದು ನಡುವೆ ಬಾಯಿ ಹಾಕುವಾಕೆಯನ್ನು ಮೆಲ್ಲಗೆ ತಡೆಯಬೇಕು. ‘ಸಹಿಸಿಕೊಂಡು ಹೋಗವ್ವ’ ಎಂಬ ಮಾತು ಅಲ್ಲಿ ಬರಲೇಬಾರದು. ಅದನ್ನು ಆಕೆ ಮನೆಯಲ್ಲಿ ಸಾಕಷ್ಟು ಕೇಳಿದ್ದಾಳೆ.

ಯೂನಿಯನ್ನಿನವರಿಗೆ ಇದು ಹೊಸದೇನಲ್ಲ. ಮುಕಾದಮ ಬೈದನೆಂದು ಒಬ್ಬ ಹೇಳಿದರೆ ಅವನದೇ ತಪ್ಪು. ಹತ್ತು ಜನ ಹೇಳಿದರೆ ಆಗ ಮುಕಾದಮನ ನಡತೆಯ ಪ್ರಶ್ನೆ. ಹಾಗೆಯೇ ಒಬ್ಬಳೇ ಅತ್ತರೆ ತಲೆಕೆಟ್ಟವಳು. ಹತ್ತು ಜನ ಕೂತು ಹೇಳಿದಾಗ ತಿಳಿಯುತ್ತದೆ: ಏಳು ಜನರ ಗಂಡಂದಿರು ಕುಡಿಯುತ್ತಾರೆ, ಒಂಬತ್ತು ಜನರ ಹೆಗಲ ಮೇಲೆ ಸಾಲವಿದೆ, ಒಬ್ಬರಿಗೂ ನಿದ್ದೆಯಿಲ್ಲ. ಆದರೆ ಎಲ್ಲವೂ ಸಮಾಜದ ದೋಷ ಎಂದು ನಾನು ಹೇಳಲಾರೆ. ಬಡತನ ಹೋದರೂ ಹೋಗದ ಕಾಯಿಲೆಗಳಿವೆ. ಯಾರೋ ಕಿವಿಯಲ್ಲಿ ಮಾತಾಡಿದಂತೆ ಕೇಳುವವಳಿಗೆ, ದಿನಗಟ್ಟಲೆ ಊಟ ನಿದ್ದೆ ಬಿಟ್ಟವಳಿಗೆ, ಸಾಯುವ ಮಾತಾಡುವವಳಿಗೆ ಕೂಟವೊಂದೇ ಸಾಲದು. ಡಾಕ್ಟರರ ಬಳಿ ಕರೆದುಕೊಂಡು ಹೋಗಬೇಕು. ಹೋಗುವತನಕ ಒಂಟಿಯಾಗಿ ಬಿಡಬಾರದು.

ಇನ್ನೊಂದು ಬಗೆಯ ಕೂಟ ಈಗಾಗಲೇ ಓಣಿ ಓಣಿಯಲ್ಲಿದೆ: ಮೈಕ್ರೋ ಫೈನಾನ್ಸ್ ಗುಂಪು. ಅಲ್ಲಿಯೂ ವಾರಕ್ಕೊಮ್ಮೆ, ಅಲ್ಲಿಯೂ ಹೆಂಗಸರು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಅವಳ ಬಾಗಿಲಿಗೆ ಹೋಗಿ ಕೂಡಬೇಕು. ನೆರೆಹೊರೆಯ ಪ್ರೀತಿಯನ್ನೇ ಜಾಮೀನು ಮಾಡಿಕೊಂಡು, ಅಕ್ಕನಿಂದ ತಂಗಿಯ ಮಾನ ಕಳೆಯಿಸುವ ಈ ಏರ್ಪಾಡು ಎಷ್ಟು ಮನೆ ಕೆಡಿಸಿತೆಂದರೆ, ಸಾಲ ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ ಸರಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಅದರಲ್ಲಿ ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಅದೇ ಹತ್ತು ಹೆಂಗಸರು ಕಂತಿನ ಲೆಕ್ಕ ಬಿಟ್ಟು ಒಂದು ತಾಸು ಒಬ್ಬರಿಗೊಬ್ಬರು ಕಿವಿಗೊಟ್ಟರೆ ಸಾಲ ತೀರುವುದಿಲ್ಲ, ನಿಜ. ಆದರೆ ಸಾಲಕ್ಕಾಗಿ ಸಾಯಬೇಕಿಲ್ಲ ಎಂದು ಹೇಳುವ ಒಬ್ಬಳಾದರೂ ಅಲ್ಲಿರುತ್ತಾಳೆ.

ಸರಕಾರದ ಹೊಣೆಯನ್ನು ಬಿಡುವಂತಿಲ್ಲ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ, 1980ರ ದಶಕದಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ಅದೇ ಮಾದರಿಯಿಂದ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ಆದರೂ 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂಥ ಸಾಮಾನ್ಯ ಕಾಯಿಲೆಯವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬಳ್ಳಾರಿ ದೇಶಕ್ಕೆ ದಾರಿ ತೋರಿಸಿತು. ಕಲ್ಯಾಣ ಕರ್ನಾಟಕದ ಹೆಣ್ಣುಮಗಳು ಇನ್ನೂ ಗುಳಿಗೆ ಅಂಗಡಿಯ ಮುಂದೆ ನಿಂತಿದ್ದಾಳೆ.

ಪೊಲೀಸರ ಅಂಜಿಕೆಯಿಂದ ಎಷ್ಟೋ ಮನೆಯವರು ಮುಚ್ಚಿಡುತ್ತಾರೆ. ತಿಳಿದಿರಲಿ: ಸಾಯಲು ಯತ್ನಿಸಿದವರು ತೀವ್ರ ಮನೋವೇದನೆಯಲ್ಲಿದ್ದರೆಂದೇ 2017ರ ಕಾಯಿದೆ ಭಾವಿಸುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ. ದವಾಖಾನೆಗೆ ಒಯ್ಯಲು ಹೆದರಬೇಡಿ.

ಜಿಲ್ಲಾಡಳಿತದ ಮುಂದೆ ನಾವು ಇಡಬೇಕಾದ ಬೇಡಿಕೆ ಸಣ್ಣದು. ಪ್ರತಿ ವಾರ್ಡಿನಲ್ಲಿ ಅಂಗನವಾಡಿಯ ಅಥವಾ ಶಾಲೆಯ ಒಂದು ಕೋಣೆ, ವಾರಕ್ಕೆ ಎರಡು ತಾಸು, ಹೆಣ್ಣುಮಕ್ಕಳಿಗೆ ತೆರೆದಿರಲಿ. ನಡೆಸುವ ಹೆಣ್ಣುಮಕ್ಕಳಿಗೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ತರಬೇತಿ ಕೊಡಲಿ. ಅವರಿಗೆ ಗೌರವಧನವೂ ಇರಲಿ, ಹೆಂಗಸರ ಕೆಲಸವೆಂದರೆ ಬಿಟ್ಟಿ ಸೇವೆ ಎಂಬ ರೂಢಿ ಇಲ್ಲಿ ಬೇಡ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿಲ್ಲ. ಕಮಲಾಪುರದಾಕೆ, ಆಳಂದದಾಕೆ ಕಲಬುರಗಿಯ ದವಾಖಾನೆಗೆ ಬರಬಲ್ಲಳು. ಆಕೆಗೆ ಇಲ್ಲದ್ದು ಬಿಡುವು.

ಆ ಬಿಡುವು ಕೊಡುವವರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಗಿರಣಿಯ ಗೆಳೆಯರೆ, ವಾರಕ್ಕೊಂದು ಸಂಜೆ ನೀವೇ ಅನ್ನಕ್ಕಿಟ್ಟು ಮಕ್ಕಳನ್ನು ನೋಡಿಕೊಳ್ಳಿ. ಹಿಂದಿರುಗಿದಾಕೆಯನ್ನು ‘ಏನು ಮಾತಾಡಿದಿರಿ’ ಎಂದು ಕೇಳಬೇಡಿ. ವ್ಯಾಪಾರಿಗಳೆ, ಸಂತೆಯಿಲ್ಲದ ದಿನ ನಿಮ್ಮ ಗೋದಾಮಿನ ಮುಂಗಟ್ಟು ಮಧ್ಯಾಹ್ನ ಖಾಲಿಯಿರುತ್ತದೆ. ಒಂದು ಚಾಪೆ, ಒಂದು ಕೊಡ ನೀರು ಇಟ್ಟು ಕೀಲಿಕೈ ಓಣಿಯ ಹೆಣ್ಣುಮಕ್ಕಳ ಕೈಗೆ ಕೊಡಿ. ಮತ್ತೆ, 14416 ಎಂಬುದು ಸರಕಾರದ ಟೆಲಿ ಮನಸ್ ಫೋನು. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲಿಯೂ ಮಾತಾಡಬಹುದು. ಹೊಡೆತ ಬಡಿತವಿದ್ದರೆ 181. ಅಂಗಡಿಯ ಗೋಡೆಯ ಮೇಲೆ ‘ಉದ್ರಿ ಇಲ್ಲ’ ಎಂದು ಬರೆದಿದ್ದೀರಲ್ಲ, ಅದರ ಕೆಳಗೆ ಈ ಎರಡು ನಂಬರು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಚಹಾಪುಡಿಗೆಂದು ಬಂದ ಹೆಂಗಸು ಓದಿಕೊಂಡು ಹೋಗುತ್ತಾಳೆ.