ಹಸಿರುಗಟ್ಟಿದ ನೀರು ಮತ್ತು ಪಟಿಕ



ಕಲಕಿದ ನೀರಿಗೆ ಪಟಿಕವನ್ನು ಬೆರೆಸಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಗರಣೆಗಟ್ಟಿ, ತಳಕ್ಕಿಳಿಯುತ್ತವೆಂಬುದನ್ನು ತಾವು ಬಲ್ಲಿರಿ. ಆದರೆ ಪಾಚಿಯಿಂದ ಹಸಿರುಗಟ್ಟಿದ ಕೆರೆಯ ನೀರು ಅಷ್ಟೇ ಪಟಿಕಕ್ಕೆ ತಿಳಿಯಾಗದು. ಇದಕ್ಕೆ ಕಾರಣವೇನು?

ಪಾಚಿಯು ಸಸಾರಜನಕ ಹಾಗೂ ಶರ್ಕರಗಳಿಂದ ಕೂಡಿದ ಲೋಳೆಯನ್ನು ಸ್ರವಿಸುತ್ತದೆ. ಅಲ್ಪವಾಗಿದ್ದಾಗ ಈ ಲೋಳೆಯು ಕಣಗಳನ್ನು ಬೆಸೆಯಲು ನೆರವಾಗುವುದೂ ಉಂಟು. ಹೆಚ್ಚಾದಾಗ ಅದು ಕಣಗಳನ್ನು ಆವರಿಸಿ, ಅವು ಕೂಡದಂತೆ ತಡೆಯುತ್ತದೆ. ಪಟಿಕದ ಅಲ್ಯುಮಿನಿಯಂ ಅಂಶವನ್ನೂ ಹಿಡಿದಿಡುತ್ತದೆ. ನೀರಿನಲ್ಲಿ ಉಳಿದ ಲೋಳೆಯು ಕ್ಲೋರಿನ್ನನ್ನು ವ್ಯಯಗೊಳಿಸುವುದರಿಂದ ರೋಗಾಣುಗಳು ಬದುಕುಳಿಯುವ ಸಂಭವವಿದೆ. ಮೊದಲೇ ಕ್ಲೋರಿನ್ ಬೆರೆಸಿದರೆ ಪಾಚಿಯ ಕೋಶಗಳು ಒಡೆದು, ಒಳಗಿನ ಲೋಳೆಯೂ ವಿಷವೂ ನೀರಿಗೆ ಸೇರಬಹುದು.

ಕೆಲವು ನೀಲಿಹಸಿರು ಪಾಚಿಗಳಲ್ಲಿ ಯಕೃತ್ತಿಗೆ ಹಾನಿಕರವಾದ ಮೈಕ್ರೊಸಿಸ್ಟಿನ್ ಎಂಬ ವಿಷವಿರುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದ ನಲ್ಲಿ ನೀರಿನಲ್ಲಿ ಇದು ಕಂಡುಬಂದು, ಸುಮಾರು 4 ಲಕ್ಷ ಜನರಿಗೆ ಆ ನೀರನ್ನು ಕುಡಿಯಬಾರದು, ಕುದಿಸಲೂ ಬಾರದು ಎಂದು ಸೂಚಿಸಲಾಯಿತು. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ಈ ವಿಷವು ನಾಶವಾಗದು, ನೀರು ಆವಿಯಾದಂತೆ ಸಾಂದ್ರವಾಗುತ್ತದೆ.

ಆದುದರಿಂದ ತಾಯಂದಿರೇ, ಹಸಿರು ಕೆನೆಗಟ್ಟಿದ ನೀರನ್ನು ಕುಡಿಯಲು, ಅಡುಗೆಗೆ, ಮಗುವಿನ ಹಾಲಿಗೆ ಬಳಸದಿರಿ. ಪಟಿಕವನ್ನು ಹೆಚ್ಚು ಹಾಕಿ ತಿಳಿಗೊಳಿಸಿದರೂ ನೀರಿನಲ್ಲಿ ಕರಗಿದ ವಿಷವು ಹೋಗದು. ಬೇರೆ ಸುರಕ್ಷಿತ ನೀರನ್ನು ತನ್ನಿರಿ. ಪಂಚಾಯಿತಿಗೂ ಆರೋಗ್ಯ ಕಾರ್ಯಕರ್ತೆಗೂ ಕೂಡಲೇ ತಿಳಿಸಿರಿ. ಚರಂಡಿಯ ಕೊಳೆ, ಸಗಣಿ, ಹೊಲದ ಗೊಬ್ಬರ ಕೆರೆಗೆ ಸೇರದಂತೆ ನೋಡಿಕೊಳ್ಳಿರಿ. ಪಾಚಿಗೆ ಆಹಾರ ದೊರೆಯದಿದ್ದರೆ ಪಟಿಕವು ತನ್ನ ಕೆಲಸವನ್ನು ಸುಗಮವಾಗಿ ಮಾಡುತ್ತದೆ.